ಮೊದಲು ಕಂಡವರ ಹೊಣೆ

ಕಳೆದ ಮಳೆಗಾಲದ ಮಾತು. ಹಾನಗಲ್ಲಿನ ನಮ್ಮ ಮನೆಯ ಹಿತ್ತಲಿನಲ್ಲಿ ಕಾವಿಗೆ ಕುಳಿತಿದ್ದ ಹೇಂಟೆಯೊಂದು ಒಂದು ರಾತ್ರಿ ಬೀದಿನಾಯಿಯ ಬಾಯಿಗೆ ತುತ್ತಾಯಿತು. ಅದರಡಿ ಐದು ಮೊಟ್ಟೆಗಳಿದ್ದವು. ಕೋಳಿಯ ಮೊಟ್ಟೆ ಮರಿಯಾಗಲು ಇಪ್ಪತ್ತೊಂದು ದಿನ ಬೇಕು. ಅಂದಿಗೆ ಹತ್ತೊಂಬತ್ತು ದಿನ ಮುಗಿದಿತ್ತು. ನನ್ನ ಮಡದಿ ಸುಮ್ಮನಿರಲಾರದೆ ಒಂದು ಬುಟ್ಟಿಯಲ್ಲಿ ಹೊಟ್ಟು ಹಾಸಿ, ಮೇಲೆ ಬಲ್ಬೊಂದನ್ನು ಇಳಿಬಿಟ್ಟು, ಆ ಮೊಟ್ಟೆಗಳನ್ನು ಅದರಲ್ಲಿಟ್ಟಳು. ಎರಡು ದಿನಗಳ ಬಳಿಕ ಮೂರು ಮೊಟ್ಟೆಗಳು ಒಡೆದವು. ಆರು ವರ್ಷದ ನಮ್ಮ ಮೊಮ್ಮಗಳು ಆ ಹೊತ್ತೆಲ್ಲ ಬುಟ್ಟಿಯ ಪಕ್ಕದಿಂದ ಕದಲಲಿಲ್ಲ.

ಅಂದಿನಿಂದ ಆ ಮೂರು ಮರಿಗಳಿಗೆ ಅವಳೇ ತಾಯಿಯಾದಳು. ಅವಳು ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲವರೆಗೆ, ಪಡಸಾಲೆಗೆ ಬಂದರೆ ಪಡಸಾಲೆಗೆ, ಮೂರೂ ಸಾಲಾಗಿ ಹಿಂಬಾಲಿಸುತ್ತಿದ್ದವು. ಅವಳು ಕಣ್ಣಿಗೆ ಮರೆಯಾದರೆ ಕಿರುಚಿ ಮನೆ ಒಂದು ಮಾಡುತ್ತಿದ್ದವು. ಅವಳು ಕುಳಿತ ಕೂಡಲೇ ಲಂಗದ ನೆರಿಗೆಯೊಳಗೆ ತೂರಿ ಸುಮ್ಮನಾಗುತ್ತಿದ್ದವು. ಪಕ್ಕದ ಮನೆಯ ಹೇಂಟೆ ತನ್ನ ಮರಿಗಳೊಡನೆ ಅಂಗಳಕ್ಕೆ ಬಂದರೂ ಇವು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ನಾವೆಲ್ಲ ನೋಡಿ ನಕ್ಕೆವು, ನೆರೆಯವರನ್ನು ಕರೆದು ತೋರಿಸಿದೆವು.

ಒಂದು ಮುಂಜಾನೆ ಅವಳು ಶಾಲೆಗೆ ಹೊರಟಳು. ಅಂಗಳದ ಗೇಟಿನ ಚಿಲಕ ಹಾಕಿರಲಿಲ್ಲ. ಮರಿಯೊಂದು ಅವಳ ಬೆನ್ನ ಹಿಂದೆಯೇ ರಸ್ತೆಗೆ ಓಡಿತು. ಎದುರಿಗೆ ಬಂದ ಟೆಂಪೋದ ಗಾಲಿಗೆ ಸಿಕ್ಕಿತು. ಅಂದು ಅವಳು ಶಾಲೆಗೆ ಹೋಗಲಿಲ್ಲ. ಮಧ್ಯಾಹ್ನದವರೆಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ನನ್ನ ಬಳಿ ಬಂದು, “ಅಜ್ಜಾ, ನನ್ನ ಬೆನ್ನು ಹತ್ತಿ ಬಂದದ್ದಕ್ಕ ಅದು ಸತ್ತು ಹೋತೇನು?” ಎಂದು ಕೇಳಿದಳು.

“ಇಲ್ಲವ್ವಾ, ನಿಂದೇನೂ ತಪ್ಪಿಲ್ಲ” ಎಂದು ನಾನು ಥಟ್ಟನೆ ಹೇಳಿದೆ. ಮಗುವನ್ನು ಸಂತೈಸಲು ಅದು ಸರಿಯಾದ ಮಾತೇ. ಆದರೆ ಸಂಜೆ ಆನೆಕೆರೆಯ ಕಡೆ ನಡೆದು ಹೋಗುವಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳು ಕೇಳಿದ್ದು ತಪ್ಪಿನ ಮಾತನ್ನಲ್ಲ. ನಮ್ಮನ್ನು ನಂಬಿ ಹಿಂಬಾಲಿಸುವ ಜೀವಕ್ಕೆ ನಾವು ಏನನ್ನು ಸಲ್ಲಿಸಬೇಕು? ಆ ನಂಬಿಕೆಯನ್ನು ನಾವು ಬೇಡಿ ಪಡೆದಿಲ್ಲದಿದ್ದರೂ ಅದಕ್ಕೆ ನಾವು ಹೊಣೆಯೇ? ಅವಳ ಪ್ರಶ್ನೆಯ ಒಳಗಿದ್ದುದು ಇದು.

ಮರಿಗಳ ಈ ನಡತೆ ಹೊಸ ಸಂಗತಿಯೇನೂ ಅಲ್ಲ. ಸಂತ ಥಾಮಸ್ ಮೋರ್ 1516ರಲ್ಲಿ ಪ್ರಕಟಿಸಿದ ‘ಯುಟೋಪಿಯ’ ಎಂಬ ಗ್ರಂಥದಲ್ಲಿ, ಕೃತಕ ಕಾವಿನಲ್ಲಿ ಹುಟ್ಟಿದ ಕೋಳಿಮರಿಗಳು ಮನುಷ್ಯರನ್ನೇ ತಾಯಿಯೆಂದು ಬಗೆದು ಹಿಂದೆ ಹಿಂದೆ ನಡೆಯುವ ಪ್ರಸ್ತಾಪವಿದೆ. 1873ರಲ್ಲಿ ಇಂಗ್ಲೆಂಡಿನ ಡಗ್ಲಸ್ ಸ್ಪಾಲ್ಡಿಂಗ್ ಅದನ್ನು ಪ್ರಯೋಗ ಮಾಡಿ ನೋಡಿದರು. ಆದರೆ ಅದಕ್ಕೆ ವಿಜ್ಞಾನದಲ್ಲಿ ಹೆಸರನ್ನೂ ಸ್ಥಾನವನ್ನೂ ತಂದುಕೊಟ್ಟವರು ಆಸ್ಟ್ರಿಯದ ಕೊನ್ರಾಡ್ ಲೊರೆಂಜ್. ವಿಯೆನ್ನಾ ಸಮೀಪದ ಆಲ್ಟೆನ್‌ಬರ್ಗ್ ಎಂಬ ಊರಿನಲ್ಲಿ ಬಾಲಕನಾಗಿದ್ದಾಗ ಅವರಿಗೆ ನೆರೆಮನೆಯಿಂದ ಒಂದು ದಿನದ ಬಾತುಮರಿಯೊಂದು ದೊರಕಿತ್ತು. ಅದು ಅವರನ್ನೇ ತಾಯಿಯಂತೆ ಹಿಂಬಾಲಿಸಿತು. ಆ ಬೆರಗನ್ನು ಅವರು ಮರೆಯಲಿಲ್ಲ. 1935ರಲ್ಲಿ ಹಕ್ಕಿಗಳ ಒಡನಾಟದ ಕುರಿತು ಬರೆದ ದೀರ್ಘ ಪ್ರಬಂಧದಲ್ಲಿ ಈ ಸಂಗತಿಯನ್ನು ವಿವರಿಸಿದರು. ಸಂತ ಥಾಮಸ್ ಮೋರ್ ಅವರಿಗೆ ಧರ್ಮಸಭೆ ಸಂತಪದವಿಯನ್ನು ಘೋಷಿಸಿದ್ದೂ ಅದೇ 1935ರಲ್ಲಿ. 1973ರಲ್ಲಿ ಲೊರೆಂಜ್ ಇನ್ನಿಬ್ಬರು ವಿಜ್ಞಾನಿಗಳೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಜರ್ಮನ್ ಭಾಷೆಯಲ್ಲಿ ಇದಕ್ಕೆ ಬಳಕೆಯಾದ ಪದಕ್ಕೆ ನಾಣ್ಯದ ಮೇಲೆ ಮುದ್ರೆ ಒತ್ತುವುದು ಎಂಬ ಅರ್ಥವಿದೆ. ನಾವು ಅಚ್ಚೊತ್ತುವಿಕೆ ಎನ್ನೋಣ. ಕೋಳಿ, ಬಾತು, ಹೆಬ್ಬಾತುಗಳ ಮರಿಗಳು ಹುಟ್ಟಿದ ಕೆಲವೇ ತಾಸುಗಳಲ್ಲಿ ಕಣ್ಣು ಬಿಟ್ಟು ನಡೆಯಬಲ್ಲವು. ಆಗ ತಮ್ಮ ಎದುರಿಗೆ ಚಲಿಸುವ, ಸದ್ದು ಮಾಡುವ ಮೊದಲ ರೂಪ ಅವುಗಳ ಮನಸ್ಸಿನಲ್ಲಿ ಅಚ್ಚೊತ್ತುತ್ತದೆ. ಈ ಕಲಿಕೆಗೆ ಒಂದು ಹದವಾದ ಹೊತ್ತು ಇದೆ. ಬಾತುಮರಿಗಳಲ್ಲಿ ಹುಟ್ಟಿದ ಮೊದಲ ದಿನವೇ ಆ ಹೊತ್ತು. ಅದು ಕಳೆದ ಮೇಲೆ ಮರಿಯಲ್ಲಿ ಅಪರಿಚಿತರ ಅಂಜಿಕೆ ಹುಟ್ಟುತ್ತದೆ. ಒತ್ತಿದ ಮುದ್ರೆ ಎಂದೆಂದಿಗೂ ಅಳಿಯದು ಎಂದು ಲೊರೆಂಜ್ ಭಾವಿಸಿದ್ದರು. ಅದು ಅಷ್ಟು ಕಟ್ಟುನಿಟ್ಟಲ್ಲ, ಕೆಲವೊಮ್ಮೆ ಬದಲಾಗಬಹುದು ಎಂದು ನಂತರದ ಸಂಶೋಧಕರು ತೋರಿಸಿದರು. ಮರಿ ಬರಿದಾದ ಹಲಗೆಯಾಗಿ ಹುಟ್ಟುವುದಿಲ್ಲವೆಂಬುದೂ ತಿಳಿದುಬಂದಿದೆ. ಮೊಟ್ಟೆಯೊಳಗಿನಿಂದಲೇ ಅದು ಪಿಳಿಗುಟ್ಟುತ್ತದೆ, ಹೊರಗಿನ ತಾಯಿ ಲೊಚಗುಟ್ಟಿ ಉತ್ತರಿಸುತ್ತದೆ. ಕಾಣುವ ಮೊದಲೇ ಅದು ಕೇಳಿರುತ್ತದೆ. ನಮ್ಮ ಬುಟ್ಟಿಯ ಮರಿಗಳು ಕೊನೆಯ ಎರಡು ದಿನ ಕೇಳಿದ್ದು ಆ ಹುಡುಗಿಯ ಮಾತನ್ನೇ.

ಇಷ್ಟು ಬೇಗ, ಇಷ್ಟು ಗಾಢವಾಗಿ ಅಂಟಿಕೊಳ್ಳುವುದರಿಂದ ಮರಿಗೆ ದೊರೆಯುವ ಲಾಭವೇನು? ಅದರ ಉತ್ತರವನ್ನು ನೋಡಲು ನಾವು ಆಸ್ಟ್ರಿಯಕ್ಕೆ ಹೋಗಬೇಕಿಲ್ಲ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಸಾಕು. 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ ಆ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್ಟುಗಳ ಎತ್ತರದ ಸರೋವರಗಳ ಬಳಿ ಹುಟ್ಟಿದ ಮರಿಗಳು ಕೆಲವೇ ತಿಂಗಳುಗಳಲ್ಲಿ ಹಿಮಾಲಯವನ್ನು ದಾಟಬೇಕು. ದಾರಿ ತೋರಿಸುವವರು ಹಿರಿಯ ಹಕ್ಕಿಗಳು. ಹುಟ್ಟಿದ ದಿನ ಹುಲ್ಲಿನ ನಡುವೆ ತಾಯಿಯ ಹಿಂದೆ ನಾಲ್ಕು ಹೆಜ್ಜೆ ಇಟ್ಟ ಮರಿಯೇ ಅದೇ ವರ್ಷ ಆಕಾಶದಲ್ಲಿಯೂ ಹಿರಿಯರ ಹಿಂದೆ ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ನಾಡಿನ ಕಡಲೆ, ಶೇಂಗಾ ಹೊಲಗಳನ್ನು ಕಾಣುತ್ತದೆ. ಹಿಂಬಾಲಿಸುವುದು ಅದರ ದೌರ್ಬಲ್ಯವಲ್ಲ, ಬದುಕುವ ದಾರಿ. ಪರೀಕ್ಷಿಸಿ, ಅಳೆದು, ತೂಗಿ ಆಮೇಲೆ ನಂಬುತ್ತೇನೆಂದು ಕುಳಿತ ಮರಿ ಮೊದಲ ದಿನವೇ ಹದ್ದಿನ ಪಾಲಾದೀತು.

ಇಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುತ್ತದೆ. ದೊಡ್ಡವರ ಲೋಕದಲ್ಲಿ ನಂಬಿಕೆಯನ್ನು ಗಳಿಸಬೇಕು. ಅಂಗಡಿಯವನು ಸರಿಯಾಗಿ ತೂಗಿದರೆ ಅವನನ್ನು ನಂಬುತ್ತೇವೆ. ಎಳೆಯ ಜೀವದ ಲೋಕದಲ್ಲಿ ನಂಬಿಕೆ ಮೊದಲು ಬರುತ್ತದೆ. ಅದಕ್ಕೆ ತಕ್ಕವರಾಗುವ ಕೆಲಸ ಆಮೇಲೆ ಬರುತ್ತದೆ. ನನ್ನ ಮೊಮ್ಮಗಳು ಆ ಮರಿಗಳ ಪ್ರೀತಿಯನ್ನು ಗಳಿಸಿರಲಿಲ್ಲ. ಬುಟ್ಟಿಯ ಪಕ್ಕದಲ್ಲಿ ಕುಳಿತಿದ್ದಳು, ಅಷ್ಟೆ. ತಾಯ್ತಂದೆಯರೂ ಹಾಗೆಯೇ. ಮಗು ನಮ್ಮ ಯೋಗ್ಯತೆಯನ್ನು ನೋಡಿ ನಮ್ಮ ಬೆರಳು ಹಿಡಿಯುವುದಿಲ್ಲ. ನಾವು ಅಲ್ಲಿದ್ದೆವು, ಅದಕ್ಕಾಗಿ ಹಿಡಿಯಿತು. ಆಯ್ಕೆಯ ಸ್ವಾತಂತ್ರ್ಯ ಹಿಂಬಾಲಿಸುವವರಿಗೆ ಇಲ್ಲದಿರುವಾಗ ಹೊಣೆಯೆಲ್ಲ ಮುಂದೆ ನಡೆಯುವವರದಾಗುತ್ತದೆ. ಸಾಲ ಕೇಳದೆಯೇ ನಮ್ಮ ಕೈಗೆ ಬಂದ ಹಣದಂತೆ ಅದು. ಕೇಳಲಿಲ್ಲವೆಂಬ ಕಾರಣಕ್ಕೆ ತೀರಿಸುವ ಕರ್ತವ್ಯ ತಪ್ಪುವುದಿಲ್ಲ.

ಆದರೆ ಹೊಣೆಯೆಂದರೆ ಸದಾ ಹತ್ತಿರವಿಟ್ಟುಕೊಳ್ಳುವುದೇ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಜಿಲ್ಲೆಯಿಂದಲೇ ಕಣ್ಮರೆಯಾದ ಹಕ್ಕಿಯೊಂದು ಕಲಿಸುತ್ತದೆ. ಎರೆಹೊಲದ ಸೀಮೆಯಲ್ಲಿ ಹಿಂದಿನವರು ಎರೆಭೂತ ಎಂದು ಕರೆಯುತ್ತಿದ್ದ, ಪುಸ್ತಕಗಳು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ದೊಡ್ಡ ಹಕ್ಕಿ ಅದು. ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲುಗಳಲ್ಲಿ ಅದು ಓಡಾಡುತ್ತಿತ್ತು. 1974ರಲ್ಲಿ ಸ್ಥಾಪನೆಯಾದ ಅಲ್ಲಿನ ಅಭಯಾರಣ್ಯದಲ್ಲಿ ಇಂದು ಕೃಷ್ಣಮೃಗಗಳನ್ನು ಕಾಣಬಹುದು, ಎರೆಭೂತವನ್ನು ಕಾಣಲಾಗದು. ದೇಶದಲ್ಲೆಲ್ಲ ಸೇರಿ ಕಾಡಿನಲ್ಲಿ ಉಳಿದಿರುವ ಈ ಹಕ್ಕಿಗಳು ನೂರೈವತ್ತರಷ್ಟೂ ಇಲ್ಲವೆಂಬುದು ಅಂದಾಜು. ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮೊಟ್ಟೆಯಿಡುವ ಹಕ್ಕಿಯಾದುದರಿಂದ ಸಂತತಿ ಬೇಗ ಬೆಳೆಯದು.

ಇದನ್ನುಳಿಸಲು 2019ರಿಂದ ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯಲ್ಲಿ ಕಾಡಿನ ಮೊಟ್ಟೆಗಳನ್ನು ತಂದು, ಯಂತ್ರದ ಕಾವಿನಲ್ಲಿ ಮರಿ ಮಾಡಿಸಿ, ಕೈಯಾರೆ ಬೆಳೆಸುವ ಕೆಲಸ ನಡೆದಿದೆ. ಹೀಗೆ ಬೆಳೆದ ಮರಿಗಳ ಮೇಲೆ ಮನುಷ್ಯರ ಮುದ್ರೆ ಒತ್ತುತ್ತದೆ. ಅವು ಮನುಷ್ಯರಿಗೆ ಅಂಜುವುದಿಲ್ಲ. ಒಂದು ಬಗೆಯಲ್ಲಿ ಅದು ಉಪಕಾರವೇ: ಆ ಸಲುಗೆಯಿರುವುದರಿಂದ ಹಕ್ಕಿಗಳನ್ನು ಗಾಸಿಗೊಳಿಸದೆ ಆರೈಕೆ ಮಾಡಬಹುದು, ಕೃತಕ ಗರ್ಭಧಾರಣೆಯಿಂದ ಮೊದಲ ಮರಿ 2024ರ ಅಕ್ಟೋಬರಿನಲ್ಲಿ ಅಲ್ಲಿ ಹುಟ್ಟಿತು. ಆದರೆ ಮನುಷ್ಯರನ್ನೇ ತನ್ನವರೆಂದು ಬಗೆದ ಹಕ್ಕಿಯನ್ನು ಬಯಲಿಗೆ ಬಿಟ್ಟರೆ ಅದು ಬದುಕುವುದು ಕಷ್ಟ. ನಾಯಿಗೂ ಬಂದೂಕಿಗೂ ಹೆದರಬೇಕೆಂಬುದನ್ನು ಅದಕ್ಕೆ ಯಾರು ಕಲಿಸಿದ್ದಾರೆ? ಪ್ರೀತಿ ಅದನ್ನು ಬದುಕಿಸಿತು. ಅದೇ ಪ್ರೀತಿ ಅದನ್ನು ಬಂಧಿಯನ್ನಾಗಿಯೂ ಮಾಡಿತು. ನಮ್ಮ ಗೇಟಿನ ಹೊರಗೆ ಆದದ್ದೂ ಇದೇ.

ಅಮೆರಿಕದಲ್ಲಿ ಅಳಿವಿನ ಅಂಚಿಗೆ ಬಂದಿದ್ದ ವೂಪಿಂಗ್ ಕ್ರೇನ್ ಎಂಬ ಬಿಳಿಯ ಕ್ರೌಂಚಗಳನ್ನು ಬೆಳೆಸುವವರು ಇದಕ್ಕೊಂದು ಉಪಾಯ ಕಂಡುಕೊಂಡರು. ಮರಿಗಳ ಬಳಿ ಹೋಗುವಾಗ ಅವರು ಮೈಮುಖವೆಲ್ಲ ಮುಚ್ಚುವ ಬಿಳಿಯ ನಿಲುವಂಗಿ ತೊಡುತ್ತಾರೆ. ಕೈಯಲ್ಲಿ ಕ್ರೌಂಚದ ತಲೆಯ ಆಕಾರದ ಬೊಂಬೆಯೊಂದನ್ನು ಹಿಡಿದು ಅದರ ಕೊಕ್ಕಿನಿಂದಲೇ ಉಣಿಸುತ್ತಾರೆ. ಮರಿಯ ಬಳಿ ಮಾತನಾಡುವುದಿಲ್ಲ. ದಿನವೆಲ್ಲ ದುಡಿದು ಸಾಕಿದವರ ಮುಖವನ್ನು ಆ ಮರಿ ಎಂದೂ ಕಾಣದು. ಅವರ ದನಿಯನ್ನು ಎಂದೂ ಕೇಳದು. ದೊಡ್ಡದಾಗಿ ಹಾರಿಹೋದ ಮೇಲೆ ಅವರನ್ನು ನೆನೆಯುವುದೂ ಇಲ್ಲ. ನೆನೆಯದಿರಲಿ ಎಂಬುದೇ ಅವರ ಬಯಕೆ. ತನ್ನ ಮುಖವನ್ನು ತಾನೇ ಮರೆಮಾಡಿಕೊಳ್ಳುವ ಆ ಪ್ರೀತಿಯನ್ನು ನಾನು ಬಹಳ ಹೊತ್ತು ಯೋಚಿಸಿದ್ದೇನೆ. ಅದಕ್ಕೆ ನನ್ನ ಮನೆಯಲ್ಲಿಯೇ ಕಾರಣವಿತ್ತು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಎಷ್ಟೋ ಮನೆಗಳಂತೆ ನಮ್ಮ ಮನೆಯಿಂದಲೂ ಮಗ ಸೊಸೆ ದುಡಿಮೆಗಾಗಿ ಗೋವಾಕ್ಕೆ ಹೋಗಿದ್ದಾರೆ. ಅವರು ಹೋದಾಗ ಮೊಮ್ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಉಣಿಸಿದ್ದು, ಮಲಗಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಎತ್ತಿಕೊಂಡು ಅಡ್ಡಾಡಿದ್ದು ನನ್ನ ಮಡದಿ. ಕಳೆದ ಕ್ರಿಸ್ಮಸ್ಸಿಗೆ ಸೊಸೆ ಬಂದಾಗ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗಿತು. ಕರೆದರೂ ಬರಲಿಲ್ಲ. ಸೊಸೆ ಹೊಸ ಫ್ರಾಕನ್ನು ಮಂಚದ ಮೇಲಿಟ್ಟು ಅಡುಗೆಮನೆಗೆ ಹೋದಳು. ಅಲ್ಲಿಂದ ಬಿಕ್ಕುವ ಸದ್ದು ಕೇಳಿಸಿತು. ನನ್ನ ಮಡದಿಯ ಮುಖದಲ್ಲಿ ಆಗ ದುಃಖವಿತ್ತು ಎಂಬುದು ನಿಜ. ಅದರ ಜೊತೆಗೆ ಒಂದಿಷ್ಟು ಹೆಮ್ಮೆಯೂ ಇತ್ತು, ನನ್ನಲ್ಲಿಯೂ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಮಗು ನಮ್ಮದಾಯಿತೆಂಬ ಹೆಮ್ಮೆ ಅದು.

ಇಂಥ ಮನೆಗಳಲ್ಲಿ ತಾಯಂದಿರನ್ನು ಕಾಡುವ ಭಯವೊಂದಿದೆ: ಹೊತ್ತು ಮೀರಿಹೋಯಿತೇ, ಮಗುವಿನ ಮನಸ್ಸಿನಲ್ಲಿ ತನ್ನ ಮುದ್ರೆ ಇನ್ನು ಒತ್ತಲಾರದೇ ಎಂಬ ಭಯ. ಹೆರಿಗೆಯಾದ ಕೂಡಲೇ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕಾಗಿ ಬಂದ ತಾಯಂದಿರಿಗೂ, ಮಗುವನ್ನು ದತ್ತು ಪಡೆದವರಿಗೂ ಇದೇ ಅಳುಕು. ಅವರಿಗೆ ಧೈರ್ಯ ಹೇಳಬಲ್ಲ ಮಾತು ವಿಜ್ಞಾನದಲ್ಲಿದೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಲೊರೆಂಜರ ಬರಹಗಳಿಂದ ಪ್ರೇರಿತರಾಗಿ ಮಗು ಮತ್ತು ತಾಯಿಯ ಬಾಂಧವ್ಯವನ್ನು ಅಭ್ಯಸಿಸಿದರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವರದಿ ಬರೆದರು. ಎಳೆಯ ಮಗುವಿಗೆ ಅನ್ನದಷ್ಟೇ ಆಪ್ತರ ಸಾನ್ನಿಧ್ಯವೂ ಅಗತ್ಯವೆಂಬುದನ್ನು ಜಗತ್ತು ಅವರಿಂದ ಅರಿಯಿತು. ಆದರೆ ಮನುಷ್ಯನ ಮಗು ಬಾತುಮರಿಯಲ್ಲ. ಅದರ ಬಾಂಧವ್ಯ ಒಂದು ದಿನದಲ್ಲಿ ಮುಗಿಯುವ ಅಚ್ಚಲ್ಲ. ತಿಂಗಳುಗಟ್ಟಲೆ ಉಣಿಸಿ, ಅತ್ತಾಗ ಎತ್ತಿಕೊಂಡು, ನಕ್ಕಾಗ ನಕ್ಕು ನೇಯುವ ಬಟ್ಟೆ ಅದು. ಒಂದಕ್ಕಿಂತ ಹೆಚ್ಚು ಜನರನ್ನು ಮಗು ತನ್ನವರೆಂದು ಹಚ್ಚಿಕೊಳ್ಳಬಲ್ಲದು. ಅಜ್ಜಿಗೆ ಅಂಟಿಕೊಂಡ ಮಗು ತಾಯಿಯನ್ನು ಕಳೆದುಕೊಂಡ ಮಗುವಲ್ಲ. ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿಲ್ಲ. ತಾಳ್ಮೆ ಮಾತ್ರ ಹೆಚ್ಚು ಬೇಕು.

ಹಕ್ಕಿಗಳಲ್ಲಿಯೂ ಮೊದಲ ಮುದ್ರೆಯೇ ಕೊನೆಯ ಮಾತಲ್ಲ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಬೇರೆಯವರಿಂದ ಸಾಕಲ್ಪಟ್ಟದ್ದು ಎಂಬ ಅರ್ಥದಲ್ಲಿ ನಮ್ಮ ಹಳೆಯ ಕವಿಗಳು ಅದನ್ನು ಪರಭೃತವೆಂದು ಕರೆದರು. ಅದು ಕಣ್ಣು ಬಿಟ್ಟಾಗ ಕಾಣುವುದು ಕಾಗೆಯನ್ನು, ಉಣ್ಣುವುದು ಕಾಗೆಯ ಕೊಕ್ಕಿನಿಂದ. ಆದರೂ ವಸಂತದಲ್ಲಿ ಅದು ಹಾಡುವುದು ಕೋಗಿಲೆಯ ಹಾಡನ್ನೇ, ಕೂಡುವುದು ಕೋಗಿಲೆಯನ್ನೇ. ಮೊದಲು ಕಂಡವರಿಗಿಂತ ಆಳದ ಗುರುತೊಂದು ಅದರೊಳಗಿದೆ.

ಮನುಷ್ಯನಲ್ಲಿ ಇದಕ್ಕಿಂತ ಹೆಚ್ಚಿನದೊಂದಿದೆ, ಅದು ವಿವೇಚನೆ. ಆದುದರಿಂದಲೇ ಬೆಳೆದವನು ತಾನು ಯಾರನ್ನು ಹಿಂಬಾಲಿಸಿದೆನೆಂಬುದಕ್ಕೆ ಉತ್ತರ ಕೊಡಬೇಕು. ಲೊರೆಂಜರ ಬಾಳಿನಲ್ಲಿಯೇ ಇದಕ್ಕೆ ನೋವಿನ ನಿದರ್ಶನವಿದೆ. 1938ರಲ್ಲಿ ಅವರು ನಾಜಿ ಪಕ್ಷವನ್ನು ಸೇರಿದರು. ಆ ಕಾಲದ ಕೆಲವು ಬರಹಗಳಲ್ಲಿ ಆ ಪಕ್ಷದ ಭಾಷೆಯನ್ನೇ ಬಳಸಿದರು. ಅದಕ್ಕಾಗಿ ನಂತರ ಅವರೇ ವಿಷಾದ ವ್ಯಕ್ತಪಡಿಸಿದರು. ಹೆಬ್ಬಾತಿನ ಮರಿಗಳು ಕಣ್ಣು ಮುಚ್ಚಿ ಹಿಂಬಾಲಿಸುವುದನ್ನು ಜಗತ್ತಿಗೆ ವಿವರಿಸಿದ ಮೇಧಾವಿಯೂ ಎಡವಿದನೆಂದರೆ ನಾವು ಎಷ್ಟು ಎಚ್ಚರವಿರಬೇಕು! ಮರಿಗೆ ಕ್ಷಮೆಯ ಅಗತ್ಯವೇ ಇಲ್ಲ. ಬೆಳೆದವನು ಮಾತ್ರ, ನಾನು ಬೆಳೆದ ಮನೆಯೇ ಹಾಗಿತ್ತು, ಕಾಲವೇ ಹಾಗಿತ್ತು ಎಂದು ಹೇಳಿ ಪಾರಾಗಲಾರ. ಎಳವೆಯಲ್ಲಿ ಒತ್ತಿದ ಮುದ್ರೆ ನಮ್ಮ ನಡತೆಗೆ ಕಾರಣವನ್ನು ತಿಳಿಸೀತು, ಸಮರ್ಥನೆಯನ್ನು ಕೊಡದು.

ಶುಭಸಂದೇಶದಲ್ಲಿ ಪ್ರಭು ಯೇಸು ಜೆರುಸಲೇಮಿಗಾಗಿ ಮರುಗುವಾಗ, ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹೇಂಟೆಗೆ ತನ್ನನ್ನು ಹೋಲಿಸಿಕೊಂಡದ್ದು ನಮಗೆಲ್ಲ ನೆನಪಿದೆ. ಆ ಹೋಲಿಕೆಯ ದುಃಖವಿರುವುದು ಅದರ ಕೊನೆಯಲ್ಲಿ: ಮರಿಗಳಿಗೆ ಮನಸ್ಸಿರಲಿಲ್ಲ. ಕೋಳಿಮರಿ ತಾಯಿಯನ್ನು ನಿರಾಕರಿಸಲಾರದು, ಮನುಷ್ಯ ನಿರಾಕರಿಸಬಲ್ಲ. ಹಾಗೆ ನಿರಾಕರಿಸಬಲ್ಲವನನ್ನಾಗಿಯೇ ದೇವರು ನಮ್ಮನ್ನು ಮಾಡಿದ್ದಾನೆ. ಬಲವಂತದ ಮುದ್ರೆಯೊತ್ತಿ ನಮ್ಮನ್ನು ತನ್ನ ಹಿಂದೆ ನಡೆಸಿಕೊಳ್ಳದೆ, ರೆಕ್ಕೆ ಬಿಚ್ಚಿ ಕಾಯುತ್ತಾನೆ. ಮಕ್ಕಳನ್ನು ಬೆಳೆಸುವ ನಮಗೆ ಇದಕ್ಕಿಂತ ದೊಡ್ಡ ಮಾದರಿ ಬೇಕೇ? ಮೊದಲು ಆಸರೆಯಾಗುವುದು, ಆಮೇಲೆ ಸ್ವತಂತ್ರರನ್ನಾಗಿಸುವುದು; ಇವೆರಡೂ ಸೇರಿದಾಗಲೇ ಹೊಣೆ ಪೂರ್ತಿಯಾಗುತ್ತದೆ.

ಆ ಕ್ರಿಸ್ಮಸ್ ರಜೆಯ ಮೂರನೆಯ ದಿನ ಬೆಳಿಗ್ಗೆ ಮೊಮ್ಮಗಳು ಎಂದಿನಂತೆ ಬಾಚಣಿಗೆ ಹಿಡಿದು ಅಜ್ಜಿಯ ಮುಂದೆ ಕುಳಿತಳು. ನನ್ನ ಮಡದಿ ಒಂದು ಗಳಿಗೆ ಸುಮ್ಮನಿದ್ದು, “ಇವತ್ತ ನನ್ನ ಕೈ ನೋಯಾಕತ್ತಾವ, ನಿಮ್ಮವ್ವನ ಕಡೆ ಬಾಚಿಸ್ಕೋ” ಎಂದು ಹೇಳಿ ಹಿತ್ತಲಿಗೆ ಎದ್ದು ಹೋದಳು. ಅವಳ ಕೈ ನೋಯುತ್ತಿರಲಿಲ್ಲ. ಅದು ನನಗೆ ಗೊತ್ತು. ಮಗು ಅನುಮಾನಿಸುತ್ತ ತಾಯಿಯತ್ತ ಬೆನ್ನು ತಿರುಗಿಸಿ ಕುಳಿತಿತು. ಸೊಸೆ ಸಿಕ್ಕು ಬಿಡಿಸುವಾಗ ಒಮ್ಮೆ ಕೂದಲು ಜಗ್ಗಿತು. ಮಗು ಮುಖ ಕಿವುಚಿದರೂ ಏಳಲಿಲ್ಲ. ಜಡೆ ಒಂದಿಷ್ಟು ಓರೆಯಾಯಿತು. ಅದೇ ಜಡೆಯಲ್ಲಿ ದಿನವೆಲ್ಲ ಓಡಾಡಿದಳು. ಹಿತ್ತಲಿನಲ್ಲಿ ನನ್ನ ಮಡದಿ ಒಗೆದ ಬಟ್ಟೆಗಳನ್ನೇ ಮತ್ತೊಮ್ಮೆ ಒಗೆಯುತ್ತಿದ್ದಳು.

ಮೊಮ್ಮಗಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧವಾಗಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಉಳಿದರ್ಧವನ್ನು ಮೊನ್ನೆ ಅವಳಿಗೆ ಹೇಳಿದೆ. ಮರಿ ನಿನ್ನನ್ನು ಹಚ್ಚಿಕೊಂಡಿತ್ತು, ಅದಕ್ಕೇ ಹಿಂದೆ ಬಂತು. ಅದರಲ್ಲಿ ನಿನ್ನ ತಪ್ಪಿಲ್ಲ. ಗೇಟಿನ ಚಿಲಕ ಹಾಕಬೇಕಾದವನು ನಾನು, ನಾನು ಹಾಕಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಉಳಿದ ಎರಡು ಮರಿಗಳು ಈಗ ದೊಡ್ಡ ಕೋಳಿಗಳಾಗಿ ಓಣಿಯ ಹಿಂಡಿನೊಡನೆ ಮೇಯುತ್ತವೆ; ಸಂಜೆ ಮಾತ್ರ ಗೂಡಿಗೆ ಬರುತ್ತವೆ. ಅವು ಒಳಗೆ ಬಂದ ಮೇಲೆ ಚಿಲಕ ಹಾಕುವ ಕೆಲಸವನ್ನು ಈಗ ಅವಳು ಯಾರಿಗೂ ಬಿಡುವುದಿಲ್ಲ.